ಸ್ನೇಕ್ ಆಲ್ವಿನನ ಹಾವಿಗೆ ನುಸಿ

ಆಲ್ವಿನನ ಹಾವು ಇಡೀ ದಿನ ನೀರಿನ ಬೋಗುಣಿಯಲ್ಲೇ ಬಿದ್ದಿರುತ್ತಿತ್ತು. ಅವನು ಅದರ ವಿಡಿಯೊ ತೆಗೆದು, ‘ನಮ್ಮ ಶೇಬಾ ರಾಣಿಗೆ ಬೀದರದ ಬಿಸಿಲು ತಾಳದು, ಸ್ನಾನ ನಡೆದಿದೆ’ ಎಂದು ಬರೆದು ಹಾಕಿದ. ನೋಡಿದವರೆಲ್ಲ ಮೆಚ್ಚಿಕೊಂಡರು. ಒಣನೆಲದ ಹಾವೊಂದು ಊಟ ಬಿಟ್ಟು ವಾರಗಟ್ಟಲೆ ನೀರಿನಲ್ಲಿ ಯಾಕೆ ಕೂತಿದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವನು ಆಲ್ವಿನ. ಆದರೆ ಅವನು ತಜ್ಞನಾಗಿದ್ದ. ಪ್ರಶ್ನೆ ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಹೊಟ್ಟೆಪಾಡಿಗೆ ಅವನು ಔಷಧ ಕಂಪನಿಯೊಂದರ ರೆಪ್. ಉಳಿದ ಹೊತ್ತು ‘ಸ್ನೇಕ್ ಆಲ್ವಿನ’. ಬೈಕಿನ ಟ್ಯಾಂಕಿನ ಮೇಲೂ ಹಾಗೇ ಬರೆಸಿದ್ದ. ಭಾಲ್ಕಿ, ಔರಾದ, ಕಮಲನಗರದ ಶಾಲೆಗಳಲ್ಲಿ ಶೇಬಾಳನ್ನು ಕೊರಳಿಗೆ ಹಾಕಿಕೊಂಡು ಭಾಷಣ ಮಾಡುತ್ತಿದ್ದ. ಶೇಬಾ ಆಫ್ರಿಕಾ ಮೂಲದ ಗಿಡ್ಡ ಜಾತಿಯ ಹೆಬ್ಬಾವು, ಸರಕಾರದಲ್ಲಿ ನೋಂದಣಿ ಮಾಡಿಸಿ ಮನೆಯಲ್ಲಿ ಸಾಕಬಹುದಾದದ್ದು, ಕಚ್ಚಿದರೂ ಯಾರೂ ಸಾಯುವುದಿಲ್ಲ. ಯಾರದಾದರೂ ಮನೆಗೆ ನಾಗರಹಾವು ಹೊಕ್ಕು ಫೋನ್ ಬಂದರೆ ಮಾತ್ರ ಆಲ್ವಿನನಿಗೆ ಅಂದೇ ಕಂಪನಿಯ ಮೀಟಿಂಗ್ ಇರುತ್ತಿತ್ತು.

ಭಾಲ್ಕಿಯ ಎಮಿಲಿಗೂ ಅವನಿಗೂ ಲಗ್ನ ನಿಶ್ಚಯವಾಗಿತ್ತು. ಎಮಿಲಿ ಭಾಲ್ಕಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಅವರ ಕ್ರೈಸ್ತ ಸಭೆಯಲ್ಲಿ ಲಗ್ನಕ್ಕೆ ಮುಂಚೆ ಮೂರು ಭಾನುವಾರ ಆರಾಧನೆಯ ಹೊತ್ತಿಗೆ ಪ್ರಕಟಣೆ ಓದುತ್ತಾರೆ. ಗಂಡಿನ ಊರಲ್ಲೂ ಹೆಣ್ಣಿನ ಊರಲ್ಲೂ ಇಬ್ಬರ ಹೆಸರು ಓದಿ, ಯಾರಿಗಾದರೂ ತಕರಾರಿದ್ದರೆ ಎದ್ದು ಹೇಳಿ ಎನ್ನುತ್ತಾರೆ. ಯಾರೂ ಏಳುವುದಿಲ್ಲ. ತಕರಾರುಗಳನ್ನು ಆಮೇಲೆ ಹೊರಗೆ ಚಪ್ಪಲಿ ಹುಡುಕುವಾಗ ಹೇಳುವುದು ರೂಢಿ.

ಮೊದಲ ಪ್ರಕಟಣೆ ಮುಗಿದ ವಾರ ಎಮಿಲಿ, ಅವಳ ತಂದೆ ಸ್ಯಾಮ್ಯುಯೆಲ ಮಾಸ್ತರರು, ಅವರ ತಮ್ಮ ಸುಶೀಲಕುಮಾರ ಮೂವರೂ ಲಗ್ನದ ಮಾತಿಗೆಂದು ಬೀದರಕ್ಕೆ ಹೋದರು. ಚಹಾ ಬರುವ ಮೊದಲೇ ಹಾವು ಬಂತು.

“ಹಿಡಕೋ, ಅಂಜಬ್ಯಾಡ,” ಎಂದು ಆಲ್ವಿನ ಅದನ್ನು ಎಮಿಲಿಯ ತೊಡೆಯ ಮೇಲೆ ಇಟ್ಟ.

“ನರ್ಸ್ ಇದ್ದಾಳ ನನ್ನ ಸೊಸಿ, ಅಂಜ್ತಾಳೇನು?” ಎಂದರು ಅವನ ತಾಯಿ ಜೆಮಿಮಾ, ತಾವು ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತು.

ಎಮಿಲಿ ಅಂಜಲಿಲ್ಲ. ಹಾವು ತಣ್ಣಗೆ, ಇರಬೇಕಾದ್ದಕ್ಕಿಂತ ಹಗುರವಾಗಿತ್ತು. ಬೆನ್ನಿನ ಮೇಲೆ ಬೂದಿ ಉದುರಿಸಿದಂತೆ ಬಿಳಿ ಧೂಳು. ಪೊರೆ ಪೂರ್ತಿ ಕಳಚದೆ ತುಂಡುತುಂಡಾಗಿ ಅಂಟಿಕೊಂಡಿತ್ತು. ಗದ್ದದ ಕೆಳಗೆ, ಕಣ್ಣಿನ ಸುತ್ತ, ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಅವಳ ಬಿಳಿ ದುಪಟ್ಟಾದ ಮೇಲೂ ನಾಲ್ಕಾರು ಬಿದ್ದವು. ಬಿದ್ದ ಚುಕ್ಕೆಗಳು ನಡೆಯತೊಡಗಿದವು.

“ಇದಕ್ಕ ನುಸಿ ಹತ್ಯಾವರಿ,” ಎಂದಳು.

“ನುಸಿ ಅಲ್ಲ, ತೆಂಗಿನ ನಾರಿನ ಪುಡಿ. ಪೆಟ್ಟಿಗಿ ಒಳಗ ಹಾಸಿರ್ತೇನಿ.”

“ಪುಡಿ ನಡೀತದೇನ್ರಿ?”

ಸುಶೀಲಕುಮಾರ ಕೆಮ್ಮಿದ. ಎಮಿಲಿ ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ ಒಂದು ಚುಕ್ಕೆಯನ್ನು ಅದುಮಿದಳು. ಬಟ್ಟೆಯ ಮೇಲೆ ಕೆಂಪು ಗೀರು ಮೂಡಿತು. ಅದನ್ನು ಆಲ್ವಿನನ ಮುಂದೆ ಹಿಡಿದಳು.

“ಹಾವಿನ ರಕ್ತ ಇದು. ಬೋಗುಣಿ ನೋಡ್ರಿ, ತಳಕ್ಕ ಕರೀ ಪುಡಿ ಕೂತದಲ್ಲ, ಅವೆಲ್ಲ ಮುಳುಗಿ ಸತ್ತವು. ಸೆಕಿಗೆ ಅಲ್ಲ, ಇವುಗಳ ಕಾಟಕ್ಕ ಅದು ನೀರಾಗ ಕೂತದ.”

ಆಲ್ವಿನ ನಕ್ಕ. ಡಾಕ್ಟರರ ಎದುರು ನಗುವುದನ್ನು ಕಂಪನಿಯವರು ಕಲಿಸಿದ್ದರು, ಉಪಯೋಗಕ್ಕೆ ಬಂತು. “ನೀ ಸಲೈನ್ ಹಚ್ಚೋದು ನೋಡಕೋ. ಹಾವಿನ ವಿಷಯ ನನಗ ಬಿಡು. ಜಿಲ್ಲಾದಾಗ ಯಾರನ್ನರ ಕೇಳು.”

ಅವನು ಹಾವನ್ನು ತೆಗೆದುಕೊಳ್ಳಲು ಕೈ ಚಾಚಿದಾಗ ಅಂಗಿಯ ತೋಳು ಮೇಲೆ ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಗುಳ್ಳೆಗಳು. ಎಮಿಲಿಗೆ ಅವು ಏನೆಂದು ತಿಳಿಯಿತು. ಸುಶೀಲಕುಮಾರನಿಗೆ ತಿಳಿಯಲಿಲ್ಲ, ಆದರೆ ಕಂಡವು. ಅವನಿಗೆ ಕಂಡರೆ ಸಾಕಾಗುತ್ತಿತ್ತು.

ವಾಪಸ್ ಬಸ್ಸಿನಲ್ಲಿ ಅವನು ಅಣ್ಣನ ಕಿವಿಯ ಹತ್ತಿರ ಬಾಗಿ, ಇಡೀ ಬಸ್ಸಿಗೆ ಕೇಳುವಂತೆ ಪಿಸುಗುಟ್ಟಿದ. “ಅಣ್ಣಾ, ಹುಡುಗನ ಚರ್ಮ ನೋಡಿದಿ? ದೊಡ್ಡ ರೋಗೇ ಅದ. ಉದ್ದ ತೋಳಿನ ಅಂಗಿ ಯಾಕ ಹಾಕ್ಯಾನ ಈ ಬಿಸಲಾಗ? ನಾ ಸುಮ್ಮ ಕೂಡಂವ ಅಲ್ಲ. ಬರೂ ಐತವಾರ ಎದ್ದು ನಿಲ್ಲಾಂವನೇ.”

“ಕಾಕಾ, ಅದು ರೋಗ ಅಲ್ಲ. ಹಾವಿನ ನುಸಿ ಅವರಿಗೂ ಕಚ್ಯಾವ,” ಎಂದಳು ಎಮಿಲಿ.

“ಹಾವಿಗೆ ಹೇನೇನವ್ವಾ? ತಲಿಗೂದಲ ಎಲ್ಲದ ಅದಕ್ಕ?”

ಹಿಂದಿನ ಸೀಟಿನವರೂ ನಕ್ಕರು. ಸ್ಯಾಮ್ಯುಯೆಲ ಮಾಸ್ತರರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮಗಳ ಲಗ್ನ ಒಮ್ಮೆ ಗೊತ್ತಾಗಿ ಮುರಿದಿತ್ತು. ಇನ್ನೊಮ್ಮೆ ಮುರಿದರೆ ಅವಳಿಗೆ ಗಂಡು ಸಿಗುವುದಿಲ್ಲ ಎಂಬುದು ಅವರ ಲೆಕ್ಕ. ಎಮಿಲಿಗೂ ಅದು ಗೊತ್ತಿತ್ತು. ಆಲ್ವಿನನ ಮೇಲೆ ಅವಳಿಗೆ ಮೋಹವೇನೂ ಇರಲಿಲ್ಲ. ಕೆಲಸವಿದೆ, ಕುಡಿಯುವುದಿಲ್ಲ, ಸಭೆಗೆ ಹೋಗುತ್ತಾನೆ. ಇಷ್ಟರ ಮೇಲೆ ಅವಳು ಒಪ್ಪಿದ್ದಳು. ಇಷ್ಟೂ ಇಲ್ಲದವರನ್ನು ನೋಡಿಯಾಗಿತ್ತು.

ಅಂದು ಸಂಜೆ ಫೋನ್ ಮಾಡಿದಳು. “ಕಾಕಾಗ ಒಂದು ಮಾತು ಹೇಳಿಬಿಡ್ರಿ, ಹಾವಿನ ನುಸಿ ಕಚ್ಯಾವ ಅಂತ. ಮುಗೀತದ.”

“ಹುಚ್ಚಿದ್ದೀಯೇನು? ಸ್ನೇಕ್ ಆಲ್ವಿನನ ಹಾವಿಗೇ ನುಸಿ ಅಂತ ಹೇಳ್ಲಿ? ನಾಳಿ ಯಾವ ಸಾಲಿಯವರು ಕರೀತಾರ ನನ್ನ?”

“ಚರ್ಮರೋಗ ಅಂದ್ರ ನಡೀತದೇನ್ರಿ?”

ಅದಕ್ಕೆ ಅವನು ಸ್ವಲ್ಪ ಯೋಚಿಸಿದ. ಯೋಚಿಸಿದ ಎಂಬುದನ್ನು ಎಮಿಲಿ ಗಮನಿಸಿದಳು. ಆಮೇಲೆ ಸುಶೀಲಕುಮಾರನಿಗೆ ತಾನೇ ಫೋನ್ ಮಾಡಿ, ಬೆವರಿನ ಗುಳ್ಳೆಗಳು, ಬೈಕಿನ ತಿರುಗಾಟ, ಏನು ಮಾಡುವುದು ಎಂದ. ಸುಶೀಲಕುಮಾರ ಒಪ್ಪಲಿಲ್ಲ, ಆದರೆ ಎರಡನೆಯ ಪ್ರಕಟಣೆಯ ದಿನ ಎದ್ದು ನಿಲ್ಲಲೂ ಇಲ್ಲ. ಸಾಲಿನ ಕೊನೆಯಲ್ಲಿ ಕೂತು ಎಮಿಲಿಗೆ ಕೇಳುವಂತೆ, “ಇನ್ನೊಂದು ಐತವಾರ ಅದಲ್ಲ,” ಎಂದ.

ಮರುದಿನ ಮಧ್ಯಾಹ್ನ ಜೆಮಿಮಾರ ಫೋನ್ ಬಂತು. “ಎಮಿಲಿ, ಲಗೂನ ಬಾ. ಆ ಹಾವು ಹ್ಯಾಂಗ್ಹ್ಯಾಂಗರ ಮಾಡ್ಲಾಕತ್ತದ. ಇಂವ ಮೂಲ್ಯಾಗ ನಿಂತಾನ, ಮಾತಾಡವಲ್ಲ.”

ಎಮಿಲಿ ರಜೆ ಹಾಕಿ ಬೀದರದ ಬಸ್ ಹತ್ತಿದಳು. ಹೋಗಿ ನೋಡಿದರೆ ಶೇಬಾ ನೆಲದ ಮೇಲೆ ಅಂಗಾತ ಬಿದ್ದಿತ್ತು. ತಲೆ ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತಿತ್ತು, ಮೈಯುದ್ದಕ್ಕೂ ಸಣ್ಣ ನಡುಕ. ಕೋಣೆಯ ತುಂಬ ಔಷಧದ ಘಾಟು.

“ಏನ್ ಹಚ್ಚೀರಿ?”

ಆಲ್ವಿನ ತಾಯಿಯತ್ತ ನೋಡಿದ. ಉತ್ತರ ಜೆಮಿಮಾ ಕೊಟ್ಟರು. “ಹಾಲು ಹಾಕೂ ಮನ್ಮಥಪ್ಪನ ಕಡೆಯಿಂದ ಎಮ್ಮಿ ಉಣ್ಣಿ ಔಷಧ ತಂದಿದ್ದ. ಎಮ್ಮಿಗೆ ಹಚ್ಚಿದ್ರ ಒಂದೇ ದಿನಕ್ಕ ಉದುರ್ತಾವಂತ.”

“ನೀರ ಎಷ್ಟ ಕೂಡಿಸಿದ್ರಿ?”

“ನೀರ ಕೂಡಿಸಿದ್ರ ಜೋರ ಇರೂದಿಲ್ಲಲ್ಲಾ,” ಎಂದ ಆಲ್ವಿನ.

ಐದು ಕ್ವಿಂಟಲ್ ಎಮ್ಮೆಗೂ ಮೊಣಕೈ ದಪ್ಪದ ಹಾವಿಗೂ ಒಂದೇ ಔಷಧ, ಅದೂ ನೀರಿಲ್ಲದೆ. ಇಷ್ಟು ದಿನ ನುಸಿಯೇ ಇಲ್ಲ ಎಂದವನು ನುಸಿಯ ಔಷಧ ಯಾಕೆ ತಂದ ಎಂದು ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ. ನರ್ಸಿಂಗ್ ಹೋಮಿನ ಗೆಳತಿಯೊಬ್ಬಳಿಂದ ಪಶುವೈದ್ಯೆ ಡಾಕ್ಟರ್ ಫರ್ಹೀನರ ನಂಬರ್ ತೆಗೆದುಕೊಂಡು ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿನಲ್ಲಿ ಇಟ್ಟಳು.

“ಮೊದಲ ತೊಳೀರಿ. ಉಗುರುಬೆಚ್ಚಗಿನ ನೀರು, ಬಿಸಿ ಬ್ಯಾಡ. ತಲಿ ಮ್ಯಾಲೆ ಹಿಡೀರಿ, ಮೂಗಿಗೆ ನೀರು ಹೋಗಬಾರದು,” ಎಂದರು ಫರ್ಹೀನ. “ಘಾಟು ಹೋಗೂತನಕ ನೀರ ಬದಲಿ ಮಾಡ್ರಿ. ಹೊಸಾ ಹಾವು ಏನರ ತಂದಿದ್ರೇನು ಮನಿಗೆ?”

“ಇಲ್ರಿ ಮೇಡಂ,” ಎಂದ ಆಲ್ವಿನ.

“ಈ ಔಷಧ ಬ್ಯಾರೆ ಯಾರಿಗರ ಹೇಳೀರೇನು? ಹೇಳಿದ್ರ ಈಗೇ ಫೋನ್ ಮಾಡ್ರಿ, ಹಚ್ಚಬ್ಯಾಡ ಅನ್ರಿ.”

“ಯಾರಿಗೂ ಹೇಳಿಲ್ರಿ.”

ಎಮಿಲಿ ಬಕೆಟ್ಟಿನ ಮುಂದೆ ಕೂತಳು. ಒಂದು ಕೈಯಲ್ಲಿ ಹಾವಿನ ಕುತ್ತಿಗೆ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಮೈಮೇಲೆ ನೀರು ಸುರಿದಳು. ಜೆಮಿಮಾ ನೀರನ್ನು ಉಗುರುಬೆಚ್ಚಗೆ ಕಾಯಿಸಿ ಕೊಡುತ್ತ ಹೋದರು. ಮೈ ನೀರಿಗೆ ಇಳಿದಂತೆ ಬದುಕಿದ್ದ ನುಸಿಗಳು ತಲೆಯ ಕಡೆ ಓಡಿಬಂದವು. ಅವಳು ಒದ್ದೆ ಹತ್ತಿಯಿಂದ ಕಣ್ಣಿನ ಸುತ್ತ, ಗದ್ದದ ಸಂದಿಯಲ್ಲಿ ಒಂದೊಂದನ್ನೇ ಒರೆಸಿದಳು. ಸಂಜೆಯಾಗುವ ಹೊತ್ತಿಗೆ ಹಾವು ತಾನಾಗಿ ಬೋರಲಾಯಿತು. ಇನ್ನಷ್ಟು ಹೊತ್ತಿಗೆ ತಲೆ ಎತ್ತಿತು.

ತಲೆ ಎತ್ತಿದ ಕೂಡಲೇ ಆಲ್ವಿನನಿಗೂ ಜೀವ ಬಂತು. ಮೊಬೈಲ್ ತೆಗೆದ.

“ಸ್ವಲ್ಪ ಸರಕೋ ಎಮಿಲಿ, ನೆರಳ ಬೀಳ್ತದ.”

ಅವಳು ಅವನತ್ತ ನೋಡಿದಳು. ಅವನು ತಮಾಷೆಗೆ ಹೇಳಿರಲಿಲ್ಲ.

ಕೆಲಸ ಅಲ್ಲಿಗೆ ಮುಗಿಯುವಂತಿರಲಿಲ್ಲ. ನುಸಿ ಮೊಟ್ಟೆ ಇಡುವುದು ಹಾವಿನ ಮೈಮೇಲಲ್ಲ, ಪೆಟ್ಟಿಗೆಯ ಸಂದಿಯಲ್ಲಿ, ಕಟ್ಟಿಗೆಯ ಬಿರುಕಿನಲ್ಲಿ. ಹಾವನ್ನು ಎಷ್ಟು ತೊಳೆದರೂ ಪೆಟ್ಟಿಗೆ ಹಾಗೇ ಇದ್ದರೆ ವಾರದಲ್ಲಿ ಹೊಸ ದಂಡು ತಯಾರು. ಎಮಿಲಿ ತೆಂಗಿನ ನಾರನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಪೆಟ್ಟಿಗೆಯೊಳಗಿನ ಒಣಗಿದ ಕೊಂಬೆಯನ್ನು ಅಂಗಳಕ್ಕೆ ಒಯ್ದು ಬೆಂಕಿ ಹಚ್ಚಿದಳು.

“ಆನ್‌ಲೈನಿನ್ಯಾಗ ತರಿಸಿದ ಕಟ್ಟಗಿ ಅದು!” ಎಂದರು ಜೆಮಿಮಾ.

“ಅತ್ತಿ, ಚಹಾ ಕಾಸ್ಕೊರಿ ಅದರ ಮ್ಯಾಲೆ.”

ಪೆಟ್ಟಿಗೆಯನ್ನು ಸಾಬೂನು ನೀರಿನಿಂದ ಉಜ್ಜಿ, ಮೂಲೆಗಳಿಗೆ ಹಲ್ಲುಜ್ಜುವ ಬ್ರಷ್ ಆಡಿಸಿ, ಕುದಿಯುವ ನೀರು ಹೊಯ್ದಳು. ಒಳಗೆ ಬರೀ ಬಿಳಿ ಕಾಗದ ಹಾಸಿದಳು. ಬಿಳಿಯ ಮೇಲೆ ಕಪ್ಪು ಚುಕ್ಕೆ ಬಿದ್ದರೆ ಕುರುಡನಿಗೂ ಕಾಣಬೇಕು. ಮರುದಿನ ಫರ್ಹೀನ ಹಾವಿಗೆ ತಾಳುವ ಅಳತೆಯ ಔಷಧವನ್ನು ಕಲಸಿ ಕೊಟ್ಟರು. ಅದನ್ನು ಹಾವಿಗಲ್ಲ, ಖಾಲಿ ಪೆಟ್ಟಿಗೆಗೆ ಸಿಂಪಡಿಸಬೇಕು. ಪೂರ್ತಿ ಒಣಗಿದ ಮೇಲೆಯೇ ಹಾವನ್ನು ಬಿಡಬೇಕು. ಹತ್ತು ದಿನಕ್ಕೊಮ್ಮೆ ಮತ್ತೆ ಮಾಡಬೇಕು, ಯಾಕೆಂದರೆ ಔಷಧಕ್ಕೆ ಮೊಟ್ಟೆ ಸಾಯುವುದಿಲ್ಲ. ಎಮಿಲಿ ಇದನ್ನೆಲ್ಲ ಆಲ್ವಿನನಿಗೆ ವಿವರಿಸಿದಳು. ಅವನು ತಲೆ ಆಡಿಸುತ್ತ ಕೇಳಿಸಿಕೊಂಡ. ಕಲಿಯುತ್ತಿದ್ದಾನೆ ಎಂದುಕೊಂಡಳು. ಕಾಗದದ ಮೇಲಿನ ಚುಕ್ಕೆಗಳು ಕಡಿಮೆಯಾದವು, ಅವನ ತೋಳಿನ ಗುಳ್ಳೆಗಳೂ ಒಣಗಿದವು. ಲಗ್ನ ಆಗುತ್ತದೆ ಎಂದು ಅವಳಿಗೂ ಅನ್ನಿಸತೊಡಗಿತು.

ಶುಕ್ರವಾರ ನರ್ಸಿಂಗ್ ಹೋಮಿನಲ್ಲಿ ರೊಟ್ಟಿ ಬಿಚ್ಚಿ ಕೂತಾಗ ಗೆಳತಿ ಮೊಬೈಲ್ ತೋರಿಸಿದಳು. “ನಿನ್ನ ಕೈ ಅಲ್ಲೇನ ಇವು?”

ಸ್ನೇಕ್ ಆಲ್ವಿನನ ಹೊಸ ವಿಡಿಯೊ, ‘ಹಾವಿನ ನುಸಿ ಗುರುತಿಸುವುದು ಹೇಗೆ?’ ಕೈ ಎಮಿಲಿಯವು, ಮೊಣಕೈವರೆಗೆ ಮಾತ್ರ. ದನಿ ಅವನದು. ನೀರಿನಲ್ಲಿ ಕೂರುವುದು, ಬೂದಿಯಂಥ ಧೂಳು, ಗದ್ದದ ಕೆಳಗಿನ ಚುಕ್ಕೆ, ಅದುಮಿದರೆ ರಕ್ತ, ಬಿಳಿ ಕಾಗದ, ಎಲ್ಲ ಸರಿಯಾಗಿ ಹೇಳಿದ್ದ. ಅವಳ ಮಾತನ್ನೇ ಹೇಳಿದ್ದರಿಂದ ತಪ್ಪಲು ಜಾಗವಿರಲಿಲ್ಲ. ಅದನ್ನು ನುಂಗಬಹುದಿತ್ತು. ಆದರೆ ಕೊನೆಯಲ್ಲಿ ಅವನು ಗಂಭೀರ ಮುಖ ಮಾಡಿ, “ಇದು ನನ್ನ ಹಾವಲ್ಲ. ಔರಾದದ ಒಬ್ಬರು ಹೊಲಸಿನಲ್ಲಿ ಸಾಕಿ ಈ ಗತಿಗೆ ತಂದಿದ್ದರು. ದಯವಿಟ್ಟು ಸ್ವಚ್ಛತೆ ಇಲ್ಲದವರು ಹಾವು ಸಾಕಬೇಡಿ,” ಎಂದಿದ್ದ.

ಅವಳು ಹೊರಗೆ ಹೋಗಿ ಫೋನ್ ಮಾಡಿದಳು.

“ಔರಾದದಂವ ಯಾರ್ರಿ?”

“ಹಂಗ ಸುಮ್ಮ ಹೇಳೀನಿ. ಯಾರರ ಒಬ್ಬ ಬೇಕಲ್ಲ.”

“ಔರಾದೇ ಯಾಕ ಅಂದ್ರಿ?”

ಅವನ ಬಾಯಿಂದ ನಿಜ ಎಳೆದೆಳೆದು ಹೊರಬಂತು. ಬೇಸಿಗೆಯ ಮೊದಲಲ್ಲಿ ಹೈದರಾಬಾದಿನಿಂದ ಒಂದು ಮರಿ ತಂದಿದ್ದ. ಹೊಸ ಹಾವನ್ನು ಬೇರೆ ಕೋಣೆಯಲ್ಲಿ ಇಟ್ಟು ನೋಡಬೇಕು ಎಂದು ಶಾಲೆಯ ಮಕ್ಕಳಿಗೆ ತಾನೇ ಹೇಳುವವನು, ಅದನ್ನು ತಂದ ದಿನವೇ ಶೇಬಾಳ ಪೆಟ್ಟಿಗೆಯಲ್ಲಿ ಬಿಟ್ಟಿದ್ದ. ಆಮೇಲೆ ಔರಾದದ ಖಾಲಿದನಿಗೆ ಮಾರಿದ್ದ. ಖಾಲಿದ ಗಡಿಯಾರ ರಿಪೇರಿಯವನು, ಆಲ್ವಿನನ ಭಾಷಣ ಕೇಳಿ ಹಾವಿನ ಹುಚ್ಚು ಹತ್ತಿಸಿಕೊಂಡವನು.

“ಅವನ ಮರಿಗೂ ನುಸಿ ಆವೇನ್ರಿ?”

“ಇದ್ದುವು. ಹೋದ ಐತವಾರ ಫೋನ್ ಮಾಡಿ ಕೇಳಿದ, ಚುಕ್ಕಿ ಬಂದಾವ ಏನ್ ಮಾಡ್ಲಿ ಅಂತ. ಎಮ್ಮಿ ಉಣ್ಣಿ ಔಷಧ ಹಚ್ಚು ಅಂದೆ.”

“ಶೇಬಾ ಬಿದ್ದು ಒದ್ದಾಡಿದ್ದು ಸೋಮವಾರ. ಅವತ್ತ ಅವಗ ಫೋನ್ ಮಾಡಿದ್ರಿ?”

“ಹ್ಯಾಂಗ ಮಾಡ್ಲಿ? ಮಾಡಿದ್ರ ನನ್ನ ಹಾವಿಗೂ ನುಸಿ ಆಗಿತ್ತು ಅಂತ ಗೊತ್ತಾಗ್ತಿತ್ತಲ್ಲಾ.”

ಅವಳಿಗೆ ಅದು ಅರ್ಥವಾಗುತ್ತದೆ ಎಂದು ನಂಬಿದವನಂತೆ ಅಷ್ಟು ಸಹಜವಾಗಿ ಹೇಳಿದ.

ಶನಿವಾರ ಎಮಿಲಿ ಔರಾದಕ್ಕೆ ಹೋದಳು. ಖಾಲಿದನ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇತ್ತು. ವಿಡಿಯೊ ನೋಡಿದ ಇಬ್ಬರು ಹುಡುಗರು ಹೊರಗೆ ನಿಂತು, “ಖಾಲಿದಭಾಯಿ, ಹೊಲಸ ಹಾವು ಎಲ್ಲದ? ನಮ್ಮ ಗಡಿಯಾರದಾಗೂ ನುಸಿ ಬಂದಾವೇನು ನೋಡ್ರಿ!” ಎಂದು ನಗುತ್ತಿದ್ದರು. ಖಾಲಿದ ಭೂತಗನ್ನಡಿ ಕಣ್ಣಿಗಿಟ್ಟು ತಲೆ ಎತ್ತದೆ ಕೆಲಸ ಮಾಡುತ್ತಿದ್ದ. ಎಮಿಲಿ ಹುಡುಗರನ್ನು ಗದರಿಸಿ ಕಳಿಸಿ ತಾನು ಯಾರೆಂದು ಹೇಳಿದಳು.

“ಉಸ್ತಾದ ಕಳಿಸ್ಯಾರೇನ್ರಿ ಸಿಸ್ಟರ್?” ಎಂದ. ಅವನಿಗೆ ಆಲ್ವಿನ ಇನ್ನೂ ಉಸ್ತಾದ, ಗುರು.

“ಮರಿ ಎಲ್ಲದರಿ?”

“ಮಂಗಳವಾರ ಗುಜರ್ ಗಯಾ. ಔಷಧ ಹಚ್ಚಿದ ಮ್ಯಾಲೆ ತಾಸು ಭಿ ಉಳೀಲಿಲ್ಲ. ನನ್ನ ಕೈಯಾಗೇ ತಿರುಚಿ ತಿರುಚಿ ಸತ್ತದ. ನಾ ಜಾಸ್ತಿ ಹಚ್ಚಿದ್ನೋ ಏನೋ. ಆದ್ರ ಸಿಸ್ಟರ್, ನಾ ಹೊಲಸ ಇಡ್ತಿದ್ದಿಲ್ರಿ. ಖಸಂ ಸೇ, ಆಣಿ ಮಾಡಿ ಹೇಳ್ತೀನಿ. ದಿನಾ ಪೆಟ್ಟಿಗಿ ಒರಸ್ತಿದ್ದೆ. ನಮ್ಮ ಅಮ್ಮಾನ್ನ ಕೇಳ್ರಿ.”

“ನಿಮ್ಮದೇನೂ ತಪ್ಪಿಲ್ರಿ. ನುಸಿ ಅವರ ಮನಿಯಿಂದೇ ಬಂದಿದ್ದುವು. ಔಷಧ ಅವರ ಹಾವಿಗೂ ಆಗಿದ್ದಿಲ್ಲ. ಅವರಿಗೆ ಗೊತ್ತಿತ್ತು, ನಿಮಗ ಹೇಳಿಲ್ಲ.”

ಖಾಲಿದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಬೈಯಲಿಲ್ಲ. “ಒಂದು ಫೋನ್ ಮಾಡ್ಬೇಕಾಗಿತ್ತು,” ಎಂದ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಇನ್ನೊಮ್ಮೆ ಹೇಳಿದ.

ಭಾನುವಾರ ಭಾಲ್ಕಿಯ ಸಭೆಯಲ್ಲಿ ಪಾಸ್ಟರು ಮೂರನೆಯ ಹಾಗೂ ಕೊನೆಯ ಪ್ರಕಟಣೆ ಓದಿದರು. ಬೀದರದ ಆಲ್ವಿನ, ಭಾಲ್ಕಿಯ ಎಮಿಲಿ. ತಕರಾರು ಇದ್ದವರು ಈಗಲೇ ಎದ್ದು ಹೇಳಬೇಕು. ಸುಶೀಲಕುಮಾರ ಗಂಟಲು ಸರಿಪಡಿಸಿಕೊಂಡು ಮುಂದಿನ ಬೆಂಚಿನ ಮೇಲೆ ಕೈ ಇಟ್ಟ. ಅವನು ಏಳುವ ಮೊದಲೇ ಹೆಂಗಸರ ಸಾಲಿನಲ್ಲಿ ಎಮಿಲಿ ಎದ್ದಳು.

“ನಂದು ತಕರಾರು ಅದರಿ.”

ಪಾಸ್ಟರು ಕನ್ನಡಕದ ಮೇಲಿನಿಂದ ನೋಡಿದರು. “ನೀ ಕೂಡವ್ವಾ. ಇದು ಬ್ಯಾರೆಯವರಿಗೆ ಕೇಳೂ ಪ್ರಶ್ನಿ.”

“ಬ್ಯಾರೆಯವರಿಗೆ ಗೊತ್ತಿಲ್ರಿ ಅಯ್ಯನೋರ. ನನಗ ಗೊತ್ತದ.”

“ನಾ ಹೇಳಿದ್ದಿಲ್ಲೇನು?” ಎಂದು ಸುಶೀಲಕುಮಾರ ಎದ್ದೇಬಿಟ್ಟ. “ಚರ್ಮದ ರೋಗ! ನಾ ಕಣ್ಣಾರೆ ನೋಡೀನಿ!”

“ಕಾಕಾ, ಕೂಡ್ರಿ. ರೋಗ ಇಲ್ಲ. ಅವರ ಹಾವಿಗೆ ನುಸಿ ಹತ್ತಿದ್ದುವು, ಅವು ಕಚ್ಚಿದ್ದುವು, ಈಗ ವಾಸಿ ಆಗ್ಯಾವ. ನುಸಿ ಯಾರ ಹಾವಿಗೂ ಹತ್ತಬಹುದು. ಇವರು ಅದೇ ನುಸಿ ಇದ್ದ ಮರಿ ಇನ್ನೊಬ್ಬರಿಗೆ ಮಾರ್ಯಾರ, ತಮ್ಮ ಹಾವು ಯಾವ ಔಷಧಕ್ಕ ಸಾಯೂದಿತ್ತೋ ಅದೇ ಔಷಧ ಅವರಿಗೂ ಹೇಳ್ಯಾರ, ಮತ್ತ ಗೊತ್ತಾದ ಮ್ಯಾಲೂ ಬ್ಯಾಡ ಅಂತ ಒಂದು ಫೋನ್ ಮಾಡಿಲ್ಲ. ಅದು ಸತ್ತದ. ಮ್ಯಾಲೆ ಅವರೇ ಹೊಲಸರು ಅಂತ ಊರಿಗೆಲ್ಲ ಹೇಳ್ಯಾರ. ನನಗ ಈ ಲಗ್ನ ಬ್ಯಾಡ.”

ಹಿಂದಿನ ಬೆಂಚಿನಿಂದ ಯಾರೋ, “ಹಾವಿನ ಮರಿ ಸತ್ತಿದ್ದಕ್ಕ ಲಗ್ನ ಬಿಡ್ತಾಳಂತ?” ಎಂದರು. ಇನ್ನೊಬ್ಬರು ನಕ್ಕರು. ಸ್ಯಾಮ್ಯುಯೆಲ ಮಾಸ್ತರರು ಹಾಡಿನ ಪುಸ್ತಕದಲ್ಲಿ ಮುಖ ಇಟ್ಟಿದ್ದರು. ಪಾಸ್ಟರು ಪ್ರಕಟಣೆಯ ಕಾಗದವನ್ನು ಮಡಿಚಬೇಕೋ ಬೇಡವೋ ತಿಳಿಯದೆ ಅರ್ಧ ಮಡಿಚಿ, ಮುಂದಿನ ಹಾಡಿನ ನಂಬರ್ ಹೇಳಿದರು. ಅದೇ ಹೊತ್ತಿಗೆ ಬೀದರದಲ್ಲಿ ಅವೇ ಎರಡು ಹೆಸರು ಓದಿದರು; ಅಲ್ಲಿ ಯಾರೂ ಏಳಲಿಲ್ಲ. ಆಲ್ವಿನ ಹೊಸ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದ.

ಮಧ್ಯಾಹ್ನ ಅವನ ಫೋನ್ ಬಂತು. ಮೊದಲು ಕೂಗಿದ. ಒಂದು ಹುಳದ ಸಲುವಾಗಿ ತನ್ನ ಮರ್ಯಾದೆ ತೆಗೆದಳು ಎಂದ. ನಿನ್ನ ಅಪ್ಪನ ಗತಿ ಏನಾಗುತ್ತದೆ ನೋಡು ಎಂದ. ಎಮಿಲಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಪಡಸಾಲೆಯಲ್ಲಿ ತಂದೆ ಕೂತಿದ್ದರು. ಅವರಿಗೆ ಏನು ಹೇಳಬೇಕು ಎಂದು ಅವಳು ಇನ್ನೂ ಗೊತ್ತುಮಾಡಿಕೊಂಡಿರಲಿಲ್ಲ.

ಕೂಗು ಮುಗಿದ ಮೇಲೂ ಆಲ್ವಿನ ಫೋನ್ ಇಡಲಿಲ್ಲ.

“ಎಮಿಲಿ.”

“ಹೇಳ್ರಿ.”

“ಕಾಗದದ ಮ್ಯಾಲೆ ಮತ್ತ ಎರಡು ಚುಕ್ಕಿ ಕಂಡಾವ ಇವತ್ತ. ಔಷಧ ಮತ್ತ ಯಾವಾಗ ಹೊಡೀಬೇಕು ಅಂದಿದ್ದಿ?”

ಅವಳಿಗೆ ನಗು ಬರಲಿಲ್ಲ. ಫೋನ್ ಕತ್ತರಿಸಬೇಕು ಅನ್ನಿಸಿತು. ಆದರೆ ಅಲ್ಲಿ ಬೀದರದಲ್ಲಿ ಪೆಟ್ಟಿಗೆಯೊಳಗೆ ಹಾವಿತ್ತು, ಮೊಟ್ಟೆಗಳು ಒಡೆಯುವ ಹೊತ್ತಾಗಿತ್ತು, ಇವನ ಕೈಗೆ ಬಿಟ್ಟರೆ ಮತ್ತೆ ಎಮ್ಮೆಯ ಔಷಧ. ಅಕ್ಕಿಯ ಮೊರವನ್ನು ಕೆಳಗಿಟ್ಟಳು. ಯಾವ ದಿನ, ಎಷ್ಟು, ಹಾವನ್ನು ಎಲ್ಲಿ ಎತ್ತಿಡಬೇಕು, ಎಷ್ಟು ಹೊತ್ತು ಒಣಗಿಸಬೇಕು ಎಂದು ರೋಗಿಯ ಕಡೆಯವರಿಗೆ ಹೇಳುವಂತೆ ಬಿಡಿಸಿ ಹೇಳಿದಳು.

“ಈಗ ನೀವ ಹೇಳ್ರಿ, ಕೇಳ್ತೇನಿ.”

ಅವನು ಹೇಳಿದ. ಒಣಗಿಸುವುದನ್ನು ಬಿಟ್ಟುಬಿಟ್ಟಿದ್ದ.

“ತಪ್ಪು. ಮತ್ತೊಮ್ಮೆ ಹೇಳ್ರಿ,” ಎಂದಳು ಎಮಿಲಿ.